ನಾಟಕಕ್ಕೆ ಪರವಾನಗಿ ಏಕೆ ಬೇಕು?

1989ರ ಬೇಸಿಗೆ. ಉತ್ತರ ಕರ್ನಾಟಕದ ಒಂದು ತಾಲ್ಲೂಕಿನಲ್ಲಿ ನಾನು ಹೊಸದಾಗಿ ತಹಶೀಲ್ದಾರನಾಗಿದ್ದೆ. ತಾಲ್ಲೂಕು ದಂಡಾಧಿಕಾರಿಯ ಹೊಣೆಯೂ ನನ್ನದೇ. ಒಂದು ದಿನ ನಾಲ್ವರು ಕಾಲೇಜು ಹುಡುಗರು ಅರ್ಜಿ ಹಿಡಿದು ಕಚೇರಿಗೆ ಬಂದರು. ಮುಂದಿನ ಸಂತೆಯ ದಿನ ಬಸ್ ನಿಲ್ದಾಣದ ಎದುರು ಪಡಿತರ ಅಂಗಡಿಗಳ ಅವ್ಯವಹಾರ ಕುರಿತು ಬೀದಿ ನಾಟಕ ಆಡಲು ಅವರಿಗೆ ಅನುಮತಿ ಬೇಕಿತ್ತು.

ನಾನು ಹಸ್ತಪ್ರತಿ ಕೇಳಿದೆ. ಅದೇ ಜನವರಿ 1ರಂದು ಸಾಹಿಬಾಬಾದಿನಲ್ಲಿ ‘ಹಲ್ಲಾ ಬೋಲ್’ ಆಡುತ್ತಿದ್ದ ಸಫ್ದರ್ ಹಾಶ್ಮಿ ಅವರ ಮೇಲೆ ಹಲ್ಲೆ ನಡೆದು, ಮರುದಿನ ಅವರು ಅಸುನೀಗಿದ್ದರು. ಆ ಸುದ್ದಿ ನನ್ನ ಮನಸ್ಸಿನಲ್ಲಿತ್ತು. ಅಧಿಕಾರಿಗಳನ್ನು ಗೇಲಿ ಮಾಡುವ ಎರಡು ಮಾತುಗಳ ಕೆಳಗೆ ಗೆರೆ ಎಳೆದು, ಇವನ್ನು ಕೈಬಿಡಿ ಎಂದೆ. ಅವರಲ್ಲೊಬ್ಬ ಮೆಲ್ಲಗೆ ಕೇಳಿದ: ‘ಸಾಹೇಬ್ರ, ಇವೆರಡು ಮಾತು ತೆಗದ್ರ ನಾಟಕದಾಗ ಏನ್ ಉಳೀತೈತ್ರಿ?’

ಉತ್ತರ ನನ್ನಲ್ಲಿರಲಿಲ್ಲ. ಪೊಲೀಸರ ಅಭಿಪ್ರಾಯ ಬರಲಿ ಎಂದು ಕಡತ ಕಳುಹಿಸಿದೆ. ಅಭಿಪ್ರಾಯ ಬರುವ ಹೊತ್ತಿಗೆ ಸಂತೆ ಮುಗಿದಿತ್ತು. ನಾನು ಆ ನಾಟಕವನ್ನು ನಿಷೇಧಿಸಲಿಲ್ಲ. ಆದರೆ ಅದು ನಡೆಯಲೂ ಇಲ್ಲ.

ನಮ್ಮಲ್ಲಿ ಕಲೆಯ ಸ್ವಾತಂತ್ರ್ಯದ ಚರ್ಚೆ ಸಾಮಾನ್ಯವಾಗಿ ನಿಷೇಧದ ಸುತ್ತ ನಡೆಯುತ್ತದೆ. ಆದರೆ ಪ್ರಭುತ್ವದ ನಿಜವಾದ ಅಸ್ತ್ರ ನಿಷೇಧವಲ್ಲ, ಪರವಾನಗಿ. ಇದನ್ನು ಸೇವೆಯಲ್ಲಿದ್ದು ಕಲಿತವನಾಗಿ ಹೇಳುತ್ತಿದ್ದೇನೆ.

ಇದರ ಮೂಲ 1876ರ ನಾಟಕ ಪ್ರದರ್ಶನ ಕಾಯ್ದೆಯಲ್ಲಿದೆ. ದೀನಬಂಧು ಮಿತ್ರರ ‘ನೀಲದರ್ಪಣ’ ನೀಲಿ ತೋಟದ ಬಿಳಿಯರ ದೌರ್ಜನ್ಯವನ್ನು ರಂಗಕ್ಕೆ ತಂದಿತ್ತು. 1876ರಲ್ಲಿ ಕಲ್ಕತ್ತೆಯ ಗ್ರೇಟ್ ನ್ಯಾಷನಲ್ ಥಿಯೇಟರ್, ವೇಲ್ಸ್ ರಾಜಕುಮಾರನನ್ನು ಮನೆಗೆ ಕರೆದು ಸತ್ಕರಿಸಿದ ವಕೀಲರೊಬ್ಬರನ್ನು ಅಣಕಿಸುವ ಪ್ರಹಸನ ಆಡಿತು. ಅದರ ಬೆನ್ನಲ್ಲೇ ಸುಗ್ರೀವಾಜ್ಞೆ, ಬಳಿಕ ಕಾಯ್ದೆ ಬಂದವು. ಸರ್ಕಾರದ ವಿರುದ್ಧ ಅಸಮಾಧಾನ ಕೆರಳಿಸಬಹುದು ಎನಿಸಿದ ಆಟವನ್ನು ಆಡುವ ಮೊದಲೇ ತಡೆಯುವ, ಪ್ರತಿಯನ್ನು ತರಿಸಿ ಪರಿಶೀಲಿಸುವ ಅಧಿಕಾರ ಹೀಗೆ ಸರ್ಕಾರದ ಕೈಗೆ ಬಂತು.

ಆ ಕಾಯ್ದೆಯಲ್ಲೊಂದು ಕುತೂಹಲಕರ ವಿನಾಯಿತಿಯಿತ್ತು. ಧಾರ್ಮಿಕ ಉತ್ಸವಗಳ ಜಾತ್ರಾ ಪ್ರದರ್ಶನಗಳಿಗೆ ಅದು ಅನ್ವಯಿಸುತ್ತಿರಲಿಲ್ಲ. ದೇವರ ಹೆಸರಿನ ಆಟದಿಂದ ಸಾಮ್ರಾಜ್ಯಕ್ಕೆ ಅಪಾಯವಿಲ್ಲವೆಂದು ಆಂಗ್ಲರು ಭಾವಿಸಿದ್ದಿರಬೇಕು. ಆದರೆ ಕಲಾವಿದರು ಪುರಾಣವನ್ನೇ ಆಯುಧ ಮಾಡಿಕೊಂಡರು. ನಮ್ಮ ಧಾರವಾಡವೂ ಸೇರಿದ್ದ ಮುಂಬಯಿ ಪ್ರಾಂತದಲ್ಲಿ 1907ರಲ್ಲಿ ರಂಗಕ್ಕೆ ಬಂದ ಖಾಡಿಲ್ಕರರ ಮರಾಠಿ ನಾಟಕ ‘ಕೀಚಕವಧ’ದಲ್ಲಿ ಕೀಚಕನೆಂದರೆ ಕರ್ಜನ್, ದ್ರೌಪದಿಯೆಂದರೆ ಭಾರತ ಎಂಬುದನ್ನು ಪ್ರೇಕ್ಷಕರಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಸರ್ಕಾರಕ್ಕೆ ಅರ್ಥವಾಗಲು ಮಾತ್ರ ಎರಡು ವರ್ಷಕ್ಕೂ ಹೆಚ್ಚು ಕಾಲ ಬೇಕಾಯಿತು. 1910ರಲ್ಲಿ ಅದನ್ನು ನಿಷೇಧಿಸಲಾಯಿತು.

ಸ್ವಾತಂತ್ರ್ಯ ಬಂದರೂ ಕಾಯ್ದೆ ಹೋಗಲಿಲ್ಲ. ಇಂಡಿಯನ್ ಪೀಪಲ್ಸ್ ಥಿಯೇಟರ್ ಅಸೋಸಿಯೇಷನ್‌ನ ಕಲಾವಿದರ ಪ್ರಕರಣದಲ್ಲಿ ಅಲಹಾಬಾದ್ ಹೈಕೋರ್ಟ್ 1956ರಲ್ಲೇ ಇದು ಸಂವಿಧಾನಕ್ಕೆ ವಿರುದ್ಧವೆಂದು ಹೇಳಿತು. ಆದರೂ 1964ರಲ್ಲಿ ನಮ್ಮ ರಾಜ್ಯ ಪ್ರತ್ಯೇಕ ನಾಟಕ ಪ್ರದರ್ಶನ ಕಾಯ್ದೆಯನ್ನೇ ಮಾಡಿಕೊಂಡಿತು. ತಮಿಳುನಾಡಿನ 1954ರ ಇಂಥದೇ ಕಾಯ್ದೆಯನ್ನು ಮದ್ರಾಸ್ ಹೈಕೋರ್ಟ್ 2013ರಲ್ಲಿ ರದ್ದುಪಡಿಸಿತು. ಕೇಂದ್ರದ 1876ರ ಕಾಯ್ದೆ ಶಾಸನ ಪುಸ್ತಕದಿಂದ ಹೊರಬಿದ್ದದ್ದು 2018ರಲ್ಲಿ. ಅಂದರೆ ವಿದೇಶಿ ದೊರೆಗಳ ಅಂಜಿಕೆಯನ್ನು ನಾವು 70 ವರ್ಷ ಜೋಪಾನ ಮಾಡಿದೆವು.

ಈ ಅವಧಿಯಲ್ಲಿ ಕನ್ನಡ ರಂಗಭೂಮಿ ಸುಮ್ಮನಿರಲಿಲ್ಲ. 1975ರಲ್ಲಿ ಹುಟ್ಟಿದ ‘ಸಮುದಾಯ’ ನಾಟಕವನ್ನು ಸಭಾಂಗಣದಿಂದ ಬೀದಿಗೆ ತಂದಿತು. ಬಿಹಾರದಲ್ಲಿ 1977ರಲ್ಲಿ ನಡೆದ ದಲಿತರ ಹತ್ಯಾಕಾಂಡವನ್ನು ಕುರಿತ ‘ಬೆಲ್ಚಿ’ಯನ್ನು ಸಿ.ಜಿ. ಕೃಷ್ಣಸ್ವಾಮಿಯವರು ಊರೂರುಗಳ ಬಯಲಲ್ಲಿ ಆಡಿಸಿದರು. ಪರದೆಯಿಲ್ಲ, ಟಿಕೆಟ್ಟಿಲ್ಲ, ವೇದಿಕೆಯೂ ಇಲ್ಲ. ಆದರೆ ಭಿನ್ನಮತಕ್ಕೆ ತೆರಬೇಕಾದ ಬೆಲೆ ಎಷ್ಟಿರಬಹುದೆಂದು ತಿಳಿಯಲು ಸ್ನೇಹಲತಾ ರೆಡ್ಡಿ ಅವರನ್ನು ನೆನೆದರೆ ಸಾಕು. ‘ಸಂಸ್ಕಾರ’ ಚಿತ್ರದ ಚಂದ್ರಿಯಾಗಿ ನಮಗೆಲ್ಲ ಪರಿಚಿತರಾದ ಈ ರಂಗಕಲಾವಿದೆ, ತುರ್ತುಪರಿಸ್ಥಿತಿಯಲ್ಲಿ ತಿಂಗಳುಗಟ್ಟಲೆ ಬೆಂಗಳೂರಿನ ಸೆರೆಮನೆಯಲ್ಲಿದ್ದು, ಅಸ್ತಮಾದಿಂದ ಜರ್ಜರಿತರಾಗಿ, ಹೊರಬಂದ ಕೆಲವೇ ದಿನಗಳಲ್ಲಿ, 1977ರ ಜನವರಿ 20ರಂದು ತೀರಿಕೊಂಡರು.

ಇಂದು ಪರಿಸ್ಥಿತಿ ಸುಧಾರಿಸಿದೆಯೆ? ಬೀದರಿನ ಶಾಹೀನ್ ಶಾಲೆಯಲ್ಲಿ 2020ರ ಜನವರಿಯಲ್ಲಿ ಮಕ್ಕಳು ಪೌರತ್ವ ತಿದ್ದುಪಡಿ ಕಾಯ್ದೆ ಕುರಿತು ನಾಟಕ ಆಡಿದ್ದಕ್ಕೆ ರಾಜದ್ರೋಹದ ಮೊಕದ್ದಮೆ ಹೂಡಲಾಯಿತು. ಮುಖ್ಯ ಶಿಕ್ಷಕಿ ಮತ್ತು ವಿದ್ಯಾರ್ಥಿನಿಯೊಬ್ಬಳ ತಾಯಿ ಸೆರೆಮನೆ ಸೇರಿದರು. ಪೊಲೀಸರು ಮಕ್ಕಳನ್ನು ಮತ್ತೆ ಮತ್ತೆ ವಿಚಾರಣೆಗೆ ಒಳಪಡಿಸಿದರು. 2023ರ ಜೂನ್‌ನಲ್ಲಿ ಕರ್ನಾಟಕ ಹೈಕೋರ್ಟಿನ ಕಲಬುರಗಿ ಪೀಠ ಶಾಲಾ ಆಡಳಿತದವರ ಮೇಲಿನ ಪ್ರಕರಣವನ್ನು ರದ್ದುಗೊಳಿಸಿತು. ನ್ಯಾಯ ದೊರೆಯಿತು, ನಿಜ. ಆದರೆ ಆ ಮೂರೂವರೆ ವರ್ಷಗಳಲ್ಲಿ ಎಷ್ಟು ಶಾಲೆಗಳ ಶಿಕ್ಷಕರು ವಾರ್ಷಿಕೋತ್ಸವದ ನಾಟಕವನ್ನು ತಾವೇ ತಿದ್ದಿ ಸಪ್ಪೆ ಮಾಡಿರಬಹುದು? ಅದರ ಲೆಕ್ಕ ಯಾವ ಕಡತದಲ್ಲೂ ಸಿಗುವುದಿಲ್ಲ.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ಈ ಸಮಸ್ಯೆಯನ್ನು ಲಾಭ–ನಷ್ಟದ ಲೆಕ್ಕದಲ್ಲಿ ನೋಡಬಯಸುತ್ತೇನೆ. ಅನುಮತಿ ಕೊಟ್ಟು ಗಲಭೆಯಾದರೆ ಅಧಿಕಾರಿಗೆ ಕಾರಣ ಕೇಳುವ ನೋಟಿಸ್ ಬರುತ್ತದೆ. ಕೊಡದಿದ್ದರೆ ಅವನನ್ನು ಕೇಳುವವರಿಲ್ಲ. ಹೀಗಿರುವಾಗ ಅವನು ಕಡತವನ್ನು ತಡೆಹಿಡಿಯುವುದೇ ಸಹಜ. ಅವನ ಅಂಜಿಕೆ ಪೂರ್ಣ ಆಧಾರರಹಿತವೂ ಅಲ್ಲ. 1994ರ ಆಗಸ್ಟ್ 15ರಂದು ಹುಬ್ಬಳ್ಳಿಯ ಈದ್ಗಾ ಮೈದಾನದ ವಿವಾದ ಗೋಲಿಬಾರಿಗೆ ತಿರುಗಿದ್ದನ್ನು ಕಂಡ ಯಾರೂ ಶಾಂತಿಪಾಲನೆಯನ್ನು ಹಗುರವಾಗಿ ಕಾಣಲಾರರು. ಆದರೆ ಈ ಎಚ್ಚರಿಕೆಯ ಭಾರ ಎಲ್ಲರ ಮೇಲೆ ಸಮನಾಗಿ ಬೀಳುವುದಿಲ್ಲ. ಸವಾಯಿ ಗಂಧರ್ವ ಸಭಾಂಗಣವನ್ನು ಬಾಡಿಗೆಗೆ ಹಿಡಿಯಬಲ್ಲ ಸಂಸ್ಥೆ ನಾಲ್ಕು ಕಚೇರಿ ಅಲೆಯಬಲ್ಲುದು. ಕಡಪಾ ಮೈದಾನದಲ್ಲಿ ಡಪ್ಪು ಹಿಡಿದು ನಿಲ್ಲುವ ಐವರು ಹುಡುಗರಿಗೆ ಒಂದು ದಿನದ ಕೂಲಿ ಕಳೆದುಕೊಳ್ಳುವುದೂ ಕಷ್ಟ. ಪರವಾನಗಿ ಎಂಬುದು ಬಡವನ ಮಾತಿನ ಮೇಲೆ ಹೇರಿದ ತೆರಿಗೆ.

ಪರಿಹಾರ ಕಠಿಣವಲ್ಲ. ಮೊದಲನೆಯದಾಗಿ, ಸಣ್ಣ ಬೀದಿ ಪ್ರದರ್ಶನಗಳಿಗೆ ಅನುಮತಿಯ ಬದಲು ಮುನ್ಸೂಚನೆ ಸಾಕೆಂಬ ನಿಯಮ ಬರಬೇಕು. ಎರಡನೆಯದಾಗಿ, 48 ಗಂಟೆಗಳೊಳಗೆ ಲಿಖಿತ ಕಾರಣ ನೀಡಿ ನಿರಾಕರಿಸದಿದ್ದರೆ ಒಪ್ಪಿಗೆ ದೊರೆತಂತೆ ಎಂದು ಭಾವಿಸಬೇಕು. ಮೂರನೆಯದಾಗಿ, ಹಸ್ತಪ್ರತಿ ಕೇಳುವ ಪದ್ಧತಿ ನಿಲ್ಲಬೇಕು. ಸಂಚಾರ, ಧ್ವನಿವರ್ಧಕ, ಸಮಯ ಇವು ಆಡಳಿತದ ವಿಷಯಗಳು; ಸಂಭಾಷಣೆ ಅಲ್ಲ. ಅದರಲ್ಲಿ ಅಪರಾಧವಿದ್ದರೆ ಆಮೇಲೆ ನ್ಯಾಯಾಲಯ ನೋಡಿಕೊಳ್ಳಲಿ. ಕಲ್ಲೆಸೆಯಲು ಬರುವವರನ್ನು ತಡೆಯುವುದು ಪೊಲೀಸರ ಕರ್ತವ್ಯವೇ ಹೊರತು ನಾಟಕ ಆಡುವವರನ್ನಲ್ಲ.

ನಾನು ಗೆರೆ ಎಳೆದ ಆ ಎರಡು ಮಾತುಗಳು ಈಗ ನನಗೆ ನೆನಪಿಲ್ಲ. ಆದರೆ ಅದೇ ವರ್ಷ ಆ ತಾಲ್ಲೂಕಿನ ಪಡಿತರ ಅಂಗಡಿಗಳ ತಪಾಸಣೆಗೆ ಹೋದಾಗ ಮೂರು ಕಡೆ ಸೀಮೆಎಣ್ಣೆಯ ಲೆಕ್ಕ ತಪ್ಪಿತ್ತೆಂಬುದು ಚೆನ್ನಾಗಿ ನೆನಪಿದೆ. ಆ ಹುಡುಗರು ಸಂತೆಯಲ್ಲಿ ಉಚಿತವಾಗಿ ಹೇಳಲು ಹೊರಟಿದ್ದನ್ನು ಸರ್ಕಾರಿ ಜೀಪಿನಲ್ಲಿ ಸುತ್ತಿ ತಿಳಿಯಲು ನನಗೆ ಐದು ತಿಂಗಳು ಬೇಕಾಯಿತು.