ಮುಂದಕ್ಕೆ ರೇಸ್ ಪ್ಯಾಡು, ಹಿಂದಕ್ಕೆ ದೇವರೇ ಗತಿ!

ಕೋಲಾರ: ಬೆಂಗಳೂರಿನಿಂದ ಚೆನ್ನೈ ಬಳಿಯ ಇರುಂಗಾಟ್ಟುಕೋಟೈ ರೇಸ್ ಟ್ರ್ಯಾಕಿಗೆ ಕಾರು ಓಡಿಸಿಕೊಂಡು ಹೋಗುವವರಿಗೆ ಇರುವ ಹಾದಿಗಳಲ್ಲಿ ಕೋಲಾರ, ಮುಳಬಾಗಿಲು, ನಂಗಲಿಯದೂ ಒಂದು. ಹಿಂದೆ ಶೋಲಾವರಂನ ಹಳೇ ವಿಮಾನಪಟ್ಟಿಯ ಮೇಲೆ ರೇಸು ನಡೀತಿತ್ತು. 1990ರಲ್ಲಿ ಇರುಂಗಾಟ್ಟುಕೋಟೈನ ಟ್ರ್ಯಾಕ್ ಶುರುವಾಯಿತು. ಒಂದು ಸುತ್ತಿಗೆ ಸುಮಾರು 3.7 ಕಿ.ಮೀ. ಆಫೀಸಿಗೆ ಹೋಗುವ ಕಾರಿನಲ್ಲೇ ಅಲ್ಲಿ ಸುತ್ತು ಹಾಕುವ ಚಪಲ ಹುಡುಗರಿಗೆ. ದುಡ್ಡೆಲ್ಲ ಎಂಜಿನ್ನು, ಸೈಲೆನ್ಸರು, ಸ್ಟಿಕ್ಕರಿಗೆ ಸುರಿದು, ಮಿಕ್ಕಿದ್ದರಲ್ಲಿ ಬ್ರೇಕು! ತಕರಾರು ಇರೋದೇ ಇಲ್ಲಿ.

ಬ್ರೇಕ್ ಹಾಕುವುದೆಂದರೆ ಓಟವನ್ನು ಶಾಖ ಮಾಡುವುದು, ಅಷ್ಟೇ. ವೇಗ ಎರಡರಷ್ಟಾದರೆ ಶಾಖ ನಾಲ್ಕರಷ್ಟು. ಕಂಪೆನಿಯಿಂದ ಬಂದ ಪ್ಯಾಡು ಸಂತೆಬೀದಿಯಲ್ಲಿ ಮುಟ್ಟಿದೊಡನೆ ಹಿಡಿಯುತ್ತದೆ. ಟ್ರ್ಯಾಕಿನಲ್ಲಿ ಕೆಲವೇ ಸುತ್ತಿಗೆ ಕಾದು ಹಿಡಿತ ಬಿಡುತ್ತದೆ. ಪೆಡಲ್ ಕಲ್ಲಿನ ಹಾಗೆ ಗಟ್ಟಿ, ಕಾರು ಮಾತ್ರ ನಿಲ್ಲದು. ರೇಸ್ ಪ್ಯಾಡಿನ ಸ್ವಭಾವ ಇದಕ್ಕೆ ತದ್ವಿರುದ್ಧ. ಕಾದಷ್ಟೂ ಕಚ್ಚುತ್ತದೆ, ತಣ್ಣಗಿದ್ದಾಗ ಜಾರುತ್ತದೆ.

ಸರಿ, ನಾಲ್ಕೂ ಚಕ್ರಕ್ಕೂ ಅದನ್ನೇ ಹಾಕಿದರಾಯಿತಲ್ಲ ಎನ್ನುವವರುಂಟು. ಆಗಲಿಲ್ಲ ಸ್ವಾಮಿ! ಬ್ರೇಕ್ ಒತ್ತಿದಾಗ ಕಾರಿನ ಭಾರ ಮುಂದಕ್ಕೆ ವಾಲುತ್ತದೆ. ಮುಂದೆ ಎಂಜಿನ್ ಇರುವ ಕಾರುಗಳಲ್ಲಿ ಹೆಚ್ಚುಕಡಿಮೆ ಮುಕ್ಕಾಲು ಕೆಲಸ ಮುಂದಿನ ಚಕ್ರಗಳದ್ದೇ. ಹಿಂದಿನವು ಅಷ್ಟು ಕಾಯುವುದೇ ಇಲ್ಲ. ವಿಪರೀತ ಬಿಸಿ ಬೇಡುವ ಪ್ಯಾಡನ್ನು ಹಿಂದಕ್ಕೂ ಹಾಕಿದರೆ ಅದು ನಿದ್ದೆಯಿಂದ ಏಳುವುದೇ ಇಲ್ಲ. ಹಿಂದಿನ ಪಾಲಿನ ದುಡಿಮೆಯೂ ಮುಂದಿನ ತಲೆಗೇ ಬಂದು ಆ ಪ್ಯಾಡು ಬೇಗ ಸವೆಯುತ್ತದೆ.

ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಮುಂದೆ ಮಾಮೂಲಿ ಪ್ಯಾಡು, ಹಿಂದೆ ಜೋರಾದದ್ದು. ಮುಂದಿನದು ಕಾದು ಸೋತಾಗ ಹಿಂದಿನ ಚಕ್ರ ಮೊದಲು ಲಾಕ್ ಆಗುತ್ತದೆ, ಕಾರು ಬುಗುರಿಯ ಹಾಗೆ ಗಿರ್ರನೆ ತಿರುಗುತ್ತದೆ. ಮುಂದಿನ ಚಕ್ರ ಮೊದಲು ಲಾಕ್ ಆದರೆ ಸ್ಟೇರಿಂಗ್ ಮಾತು ಕೇಳದಿದ್ದರೂ ಕಾರು ನೆಟ್ಟಗೆ ಹೋಗುತ್ತದೆ. ಎರಡೂ ಕೆಟ್ಟದ್ದೇ, ಆದರೆ ನೆಟ್ಟಗೆ ಹೋಗುವವನಿಗೆ ಬದುಕುವ ಅವಕಾಶ ಜಾಸ್ತಿ. ಆದ್ದರಿಂದ ಹಿಂದಿನದು ಮುಂದಿನದಕ್ಕಿಂತ ಕಡಿಮೆ ಬಿಸಿಯಲ್ಲೇ ಎಚ್ಚೆತ್ತುಕೊಳ್ಳಬೇಕು, ಆದರೆ ಹಿಡಿತದಲ್ಲಿ ಅದಕ್ಕಿಂತ ಒಂದು ಕೈ ಕೆಳಗಿರಬೇಕು. ಎಬಿಎಸ್ ಇದೆಯಲ್ಲ ಎಂದು ಮೀಸೆ ತಿರುವುವುದು ಬೇಡ. ತಪ್ಪು ಜೋಡಿಯ ಪ್ಯಾಡನ್ನು ಅದು ಸಂಭಾಳಿಸಬಹುದು, ಸರಿ ಮಾಡಲಾರದು.

ನಮ್ಮಲ್ಲಿ ಓಡುವ ಸ್ವಿಫ್ಟ್, ಪೋಲೋಗಳ ಪೈಕಿ ಬಹುತೇಕಕ್ಕೆ ಹಿಂದೆ ಡಿಸ್ಕೇ ಇಲ್ಲ, ಡ್ರಮ್ಮು! ಅದಕ್ಕೆ ಪ್ಯಾಡಲ್ಲ, ಶೂ. ಹಾಗಾಗಿ ಆಯ್ಕೆಯೆಲ್ಲ ಮುಂದಿನದ್ದೇ. ಮುಂದೆ ಅತಿ ಜೋರಿನದನ್ನು ತುರುಕಿದರೆ ಹಿಂದಿನ ಬ್ರೇಕು ಲೆಕ್ಕಕ್ಕುಂಟು ಆಟಕ್ಕಿಲ್ಲ. ಇಂಥ ಕಾರಿಗೆ ನಡುವಿನ ದರ್ಜೆಯ ಪ್ಯಾಡು ಸಾಕು. ಡ್ರಮ್ ಬಿಚ್ಚಿ ಪುಡಿ ಒರೆಸಿ, ಶೂ ಸರಿಯಾಗಿ ಅಡ್ಜಸ್ಟ್ ಮಾಡಿಸಿದರೆ ಅದೇ ದೊಡ್ಡ ಉಪಕಾರ.

ಬ್ರೇಕ್ ಆಯಿಲ್ ಕಡೆ ನೋಡುವವರೂ ಕಡಿಮೆ. ಡಾಟ್ 4 ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದೆಂಬುದು ನಿಯಮ. ಗಾಳಿಯ ತೇವ ಹೀರಿದ ಮೇಲೆ ಆ ಮಟ್ಟ 155ಕ್ಕೆ ಇಳಿಯುತ್ತದೆ. ಕುದ್ದರೆ ಒಳಗೆ ಆವಿ. ಆಗ ಪೆಡಲ್ ಗಟ್ಟಿಯಾಗುವುದಿಲ್ಲ, ನೆಲಕ್ಕೇ ಹೋಗಿ ಕೂರುತ್ತದೆ. ಎಂಥ ದುಬಾರಿ ಪ್ಯಾಡಿದ್ದರೂ ಆಗ ದಂಡ.

ಇನ್ನು ಮುಳಬಾಗಿಲು ರಸ್ತೆಯ ಮಾತು. ರೇಸ್ ಪ್ಯಾಡು ಹಾಕಿಕೊಂಡೇ ಇಲ್ಲಿಂದ ಟ್ರ್ಯಾಕಿನವರೆಗೆ ಇನ್ನೂರು ಕಿ.ಮೀ.ಗೂ ಮೇಲೆ ಓಡಿಸುವುದೇ ನಿಜವಾದ ಅಪಾಯ. ಅರ್ಧ ಗಂಟೆ ಬ್ರೇಕ್ ಮುಟ್ಟದೆ ಬಂದವನ ಪ್ಯಾಡು ಪೂರ್ತಿ ತಣ್ಣಗಾಗಿರುತ್ತದೆ. ಅಷ್ಟರಲ್ಲಿ ಟೊಮೆಟೊ ಲಾರಿಯೊಂದು ಅಡ್ಡ ತಿರುಗಿದರೆ? ಟ್ರ್ಯಾಕಿನಲ್ಲಾದರೆ ಹೆಲ್ಮೆಟ್ ಉಂಟು, ತಪ್ಪಿದರೆ ಹೊರಳಲು ಮಣ್ಣಿನ ಬಯಲುಂಟು. ಇಲ್ಲಿ ರಸ್ತೆ ದಾಟುವ ಸ್ಕೂಲ್ ಮಕ್ಕಳಿಗೆ ಏನುಂಟು?

ಅನುಭವಸ್ಥರು ಮಾಮೂಲಿ ಪ್ಯಾಡಿನಲ್ಲೇ ಹೋಗಿ, ಅಲ್ಲಿ ಜಾಕಿ ಕೊಟ್ಟು ಬದಲಿಸುತ್ತಾರೆ. ಹೊಸ ಪ್ಯಾಡನ್ನು ತಯಾರಕರು ಹೇಳಿದ ಕ್ರಮದಲ್ಲೇ ಪಳಗಿಸಿ, ಆಮೇಲೆ ಜೋರು. ಸುತ್ತು ಮುಗಿದ ಮೇಲೆ ಹ್ಯಾಂಡ್ ಬ್ರೇಕ್ ಎಳೆಯುವುದಿಲ್ಲ, ಗೇರಿನಲ್ಲಿಟ್ಟು ಚಕ್ರಕ್ಕೆ ಕಲ್ಲು ಕೊಡುತ್ತಾರೆ. ವಾಪಸು ಹೊರಡುವ ಮುಂಚೆ ಡಿಕ್ಕಿಯಲ್ಲಿನ ಹಳೇ ಪ್ಯಾಡು ಮತ್ತೆ ಸ್ವಸ್ಥಾನಕ್ಕೆ. ಕೈ ಪಳಗಿದವರಿಗೆ ಮುಂದಿನ ಎರಡು ಚಕ್ರ ಬಿಚ್ಚಿ ಹಾಕುವುದು ಒಂದು ಗಂಟೆಯ ಕೆಲಸವೂ ಅಲ್ಲ.