ಪ್ರೋಗ್ರಾಂ ಬಾಯಿಪಾಠ ಬೇಡ, ಹಾಳೆಯ ಮೇಲೆ ನಡೆಸಿ ನೋಡಿ



ನಾನು ಇದೇ ಕಾಲೇಜಿನಲ್ಲಿ ಪಿಸಿಎಂಸಿ ಓದಿ, 2025ರ ಮಾರ್ಚ್‌ನಲ್ಲಿ ದ್ವಿತೀಯ ಪಿಯುಸಿ ಪರೀಕ್ಷೆ ಬರೆದವಳು. ಈಗ ನವಲಗುಂದದಿಂದ ದಿನಾಲೂ ಹುಬ್ಬಳ್ಳಿಗೆ ಹೋಗಿ ಬಿಸಿಎ ಓದುತ್ತಿದ್ದೇನೆ. ನನ್ನ ತಂಗಿ ಈಗ ನಿಮ್ಮ ಜೊತೆ ದ್ವಿತೀಯ ಪಿಯುಸಿಯಲ್ಲಿದ್ದಾಳೆ. ಕಂಪ್ಯೂಟರ್ ಸೈನ್ಸ್ ಓದಲು ಅನುಕೂಲವಾಗಲಿ ಎಂದು ನನ್ನ ರೆಕಾರ್ಡ್ ಬುಕ್ಕನ್ನು ಜೋಪಾನವಾಗಿ ಎತ್ತಿಟ್ಟು ಅವಳಿಗೆ ಕೊಟ್ಟೆ. ಅವಳು ನಾಲ್ಕು ಪುಟ ತಿರುವಿ, "ಆಪಾ, ಇದರಾಗ ನಮ್ಮ ಪ್ರೋಗ್ರಾಂ ಒಂದೂ ಇಲ್ಲ" ಅಂದಳು.

ಅವಳು ಹೇಳಿದ್ದು ನಿಜ. ನಮಗೆ ಇದ್ದದ್ದು ಸಿ++, ಅವಳಿಗೆ ಇರುವುದು ಎನ್‌ಸಿಇಆರ್‌ಟಿ ಪುಸ್ತಕದ ಪೈಥಾನ್. ನಾನು ವರ್ಷವಿಡೀ ಬರೆದು ಬರೆದು ಬಾಯಿಪಾಠ ಮಾಡಿದ್ದ ಪ್ರೋಗ್ರಾಂಗಳು ಒಂದೇ ವರ್ಷದಲ್ಲಿ ಹಳೆಯದಾಗಿದ್ದವು. ಆದರೆ ಆ ಬುಕ್ಕಿನ ಕೊನೆಯ ಪುಟದಲ್ಲಿ ಪೆನ್ಸಿಲ್‌ನಿಂದ ಗೀಚಿದ್ದ ಒಂದು ಕೋಷ್ಟಕ ಅವಳ ಕೆಲಸಕ್ಕೂ ಬಂತು. ಆ ಕೋಷ್ಟಕದ ವಿಷಯವನ್ನು ನಿಮಗೂ ಹೇಳಬೇಕೆಂದು ಈ ಲೇಖನ ಬರೆಯುತ್ತಿದ್ದೇನೆ.

ನಾನು ತಪ್ಪಿದ್ದು ಎಲ್ಲಿ?

ನಮ್ಮ ವಿಷಯಕ್ಕೆ ಲಿಖಿತ ಪರೀಕ್ಷೆ 70 ಅಂಕ, ಪ್ರಾಯೋಗಿಕ 30 ಅಂಕ. ನಮ್ಮ ಮನೆಯಲ್ಲಿ ಕಂಪ್ಯೂಟರ್ ಇರಲಿಲ್ಲ. ಲ್ಯಾಬ್‌ನಲ್ಲಿ ಒಂದು ಕಂಪ್ಯೂಟರ್ ಮುಂದೆ ಇಬ್ಬರು ಕೂಡಬೇಕಿತ್ತು, ಕರೆಂಟ್ ಹೋದರೆ ಆ ದಿನದ ಲ್ಯಾಬ್ ಅಲ್ಲಿಗೇ ಮುಗಿಯಿತು. ಹಾಗಾಗಿ ನಾನು ಕಂಡುಕೊಂಡ ದಾರಿ ಬಾಯಿಪಾಠ. ರೆಕಾರ್ಡ್ ಬುಕ್ಕಿನ ಎಲ್ಲ ಪ್ರೋಗ್ರಾಂಗಳನ್ನೂ ಪದ್ಯದ ಹಾಗೆ ಹೇಳುತ್ತಿದ್ದೆ.

ಪೂರ್ವಸಿದ್ಧತಾ ಪ್ರಾಯೋಗಿಕ ಪರೀಕ್ಷೆಯಲ್ಲಿ ನನಗೆ ಬೈನರಿ ಸರ್ಚ್ ಬಂತು. ಖುಷಿಯಿಂದ ಟೈಪ್ ಮಾಡಿ 11, 22, 33, 44, 55, 66, 77 ಎಂಬ ಏಳು ಸಂಖ್ಯೆ ಕೊಟ್ಟು, 66 ಹುಡುಕು ಅಂದೆ. ಸಿಕ್ಕಿತು ಎಂದು ಉತ್ತರ ಬಂತು. ಸರ್ ಹಿಂದೆ ಬಂದು ನಿಂತು, "ಈಗ 77 ಕೊಟ್ಟು ನೋಡವಾ" ಅಂದರು. ಕೊಟ್ಟೆ. ಕರ್ಸರ್ ಮಿನುಗುತ್ತಲೇ ಇತ್ತು. ಸಿಕ್ಕಿತು ಅಂತಲೂ ಇಲ್ಲ, ಸಿಗಲಿಲ್ಲ ಅಂತಲೂ ಇಲ್ಲ.

ಯಾವ ಸಾಲು ತಪ್ಪಿದೆ ಎಂದು ಎಷ್ಟು ನೋಡಿದರೂ ನನಗೆ ತಿಳಿಯಲಿಲ್ಲ. ನೆನಪಿನಲ್ಲಿದ್ದದ್ದನ್ನು ಇಳಿಸಿದ್ದೆನೇ ಹೊರತು, ಆ ಸಾಲು ಅಲ್ಲಿ ಏಕಿದೆ ಎಂದು ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಪರೀಕ್ಷೆ ಮುಗಿದ ಮೇಲೆ ಸರ್ ಕರೆದು, "ಪ್ರೋಗ್ರಾಂ ಓದಬ್ಯಾಡ. ಕಂಪ್ಯೂಟರ್ ಹೆಂಗ ನಡಸತೈತಿ, ಹಂಗ ನೀನೂ ನಡಸು. ಒಂದು ಹಾಳಿ ತಗೋ" ಅಂದರು. ಅಂದು ಬರೆದದ್ದೇ ಆ ಪೆನ್ಸಿಲ್ ಕೋಷ್ಟಕ. ಇದಕ್ಕೆ ಡ್ರೈ ರನ್ ಎನ್ನುತ್ತಾರೆ.

ಡ್ರೈ ರನ್ ಮಾಡುವುದು ಹೇಗೆ?

ಪ್ರೋಗ್ರಾಂನಲ್ಲಿ ಎಷ್ಟು ವೇರಿಯಬಲ್ ಇವೆಯೋ ಅಷ್ಟು ಕಂಬ ಹಾಕಿ. ಲೂಪ್ ಒಂದು ಸುತ್ತು ಬಂದಾಗಲೆಲ್ಲ ಒಂದು ಹೊಸ ಸಾಲು ಬರೆಯಿರಿ. ಬೆಲೆ ಬದಲಾದರೆ ಹೊಸ ಬೆಲೆ ಬರೆಯಬೇಕು. ಮನಸ್ಸಿನಲ್ಲಿ ಲೆಕ್ಕ ಹಾಕಿ ಮುಂದೆ ಹಾರಬಾರದು. ಇಷ್ಟೇ ನಿಯಮ.

ಬೈನರಿ ಸರ್ಚ್‌ಗೆ ಸಂಖ್ಯೆಗಳು ಏರಿಕೆ ಕ್ರಮದಲ್ಲಿರಬೇಕು. ಫಸ್ಟ್ ಎಂದರೆ ಹುಡುಕುವ ಭಾಗದ ಮೊದಲ ಜಾಗ, ಲಾಸ್ಟ್ ಎಂದರೆ ಕೊನೆಯ ಜಾಗ, ಮಿಡ್ ಎಂದರೆ ನಡುವಿನ ಜಾಗ. ಜಾಗಗಳ ಎಣಿಕೆ 0ಯಿಂದ ಶುರು, ಹಾಗಾಗಿ ಏಳು ಸಂಖ್ಯೆಗಳಿದ್ದರೆ ಕೊನೆಯ ಜಾಗ 6. ಮಿಡ್‌ನಲ್ಲಿರುವ ಸಂಖ್ಯೆ ನಮಗೆ ಬೇಕಾದದ್ದಕ್ಕಿಂತ ಚಿಕ್ಕದಾಗಿದ್ದರೆ ಬಲಗಡೆಯ ಅರ್ಧದಲ್ಲಿ ಹುಡುಕಬೇಕು. ಅಲ್ಲಿ ಫಸ್ಟ್ = ಮಿಡ್ + 1 ಎಂದು ಬರೆಯಬೇಕಿತ್ತು. ನಾನು ಫಸ್ಟ್ = ಮಿಡ್ ಎಂದಷ್ಟೇ ಬರೆದಿದ್ದೆ. ಆ ತಪ್ಪು ಪ್ರೋಗ್ರಾಂನಲ್ಲಿ 77 ಹುಡುಕಿದರೆ ಏನಾಗುತ್ತದೆ ನೋಡಿ:

ಸುತ್ತು 1: ಫಸ್ಟ್ 0, ಲಾಸ್ಟ್ 6, ಮಿಡ್ 3, ಅಲ್ಲಿರುವುದು 44
ಸುತ್ತು 2: ಫಸ್ಟ್ 3, ಲಾಸ್ಟ್ 6, ಮಿಡ್ 4, ಅಲ್ಲಿರುವುದು 55
ಸುತ್ತು 3: ಫಸ್ಟ್ 4, ಲಾಸ್ಟ್ 6, ಮಿಡ್ 5, ಅಲ್ಲಿರುವುದು 66
ಸುತ್ತು 4: ಫಸ್ಟ್ 5, ಲಾಸ್ಟ್ 6, ಮಿಡ್ 5, ಅಲ್ಲಿರುವುದು 66
ಸುತ್ತು 5: ಫಸ್ಟ್ 5, ಲಾಸ್ಟ್ 6, ಮಿಡ್ 5, ಅಲ್ಲಿರುವುದು 66

5 ಮತ್ತು 6 ಕೂಡಿದರೆ 11. ಅದರ ಅರ್ಧದಲ್ಲಿ ದಶಮಾಂಶ ಬಿಟ್ಟರೆ 5. ಫಸ್ಟ್ ಮತ್ತೆ 5 ಆಗುತ್ತದೆ, ಮಿಡ್ ಮತ್ತೆ 5 ಆಗುತ್ತದೆ. ಇದು ಎಂದಿಗೂ ಮುಗಿಯುವುದಿಲ್ಲ. 66 ಮೂರನೇ ಸುತ್ತಿನಲ್ಲೇ ಸಿಕ್ಕಿಬಿಡುವುದರಿಂದ ಈ ತಪ್ಪು ಹೊರಗೆ ಬಂದಿರಲಿಲ್ಲ. ನಾಲ್ಕನೇ ಮತ್ತು ಐದನೇ ಸಾಲುಗಳು ಒಂದೇ ಆಗಿದ್ದನ್ನು ಕಂಡ ಕೂಡಲೇ, ಲ್ಯಾಬ್‌ನಲ್ಲಿ ಪರದೆ ಏಕೆ ನಿಂತಿತ್ತು ಎಂದು ನನಗೆ ಅರ್ಥವಾಯಿತು.

ಈಗ ಸರಿಯಾದ ಪ್ರೋಗ್ರಾಂ. ಮಿಡ್ ಅನ್ನು ಈಗಾಗಲೇ ನೋಡಿಯಾಗಿದೆ, ಅದನ್ನು ಮತ್ತೆ ಸೇರಿಸಿಕೊಳ್ಳುವ ಅಗತ್ಯವಿಲ್ಲ. ಅದಕ್ಕೇ + 1. 77ಕ್ಕೆ ಮೊದಲ ಸುತ್ತಿನಲ್ಲಿ ಮಿಡ್ 3, ಎರಡನೆಯದರಲ್ಲಿ ಫಸ್ಟ್ 4 ಆಗಿ ಮಿಡ್ 5, ಮೂರನೆಯದರಲ್ಲಿ ಫಸ್ಟ್ 6 ಆಗಿ ಮಿಡ್ 6. ಅಲ್ಲಿ 77 ಸಿಗುತ್ತದೆ.

ಪಟ್ಟಿಯಲ್ಲಿ ಇಲ್ಲದ 50 ಅನ್ನು ಹುಡುಕಿದರೆ?

ಸುತ್ತು 1: ಫಸ್ಟ್ 0, ಲಾಸ್ಟ್ 6, ಮಿಡ್ 3, ಅಲ್ಲಿರುವುದು 44, ಬಲಕ್ಕೆ ಹೋಗಬೇಕು
ಸುತ್ತು 2: ಫಸ್ಟ್ 4, ಲಾಸ್ಟ್ 6, ಮಿಡ್ 5, ಅಲ್ಲಿರುವುದು 66, ಎಡಕ್ಕೆ ಹೋಗಬೇಕು
ಸುತ್ತು 3: ಫಸ್ಟ್ 4, ಲಾಸ್ಟ್ 4, ಮಿಡ್ 4, ಅಲ್ಲಿರುವುದು 55, ಎಡಕ್ಕೆ ಹೋಗಬೇಕು

ಈಗ ಲಾಸ್ಟ್ 3, ಫಸ್ಟ್ 4. ಫಸ್ಟ್ ಲಾಸ್ಟ್‌ಗಿಂತ ದೊಡ್ಡದಾಯಿತು, ಹುಡುಕಲು ಜಾಗ ಉಳಿದಿಲ್ಲ, ಲೂಪ್ ನಿಲ್ಲುತ್ತದೆ. "ಲೂಪ್ ಯಾವಾಗ ನಿಲ್ಲುತ್ತದೆ?" ಎಂದು ವೈವಾದಲ್ಲಿ ಕೇಳಿದರೆ, ಈ ಮೂರು ಸಾಲು ಬರೆದವರು ತಡವರಿಸದೆ ಹೇಳಬಲ್ಲರು. ಪ್ರತಿ ಸುತ್ತಿನಲ್ಲಿ ಅರ್ಧ ಪಟ್ಟಿ ಬಿಟ್ಟುಹೋಗುವುದರಿಂದ 1000 ಸಂಖ್ಯೆಗಳಿದ್ದರೂ ಹೆಚ್ಚೆಂದರೆ 10 ಸುತ್ತು ಸಾಕು. ಲೀನಿಯರ್ ಸರ್ಚ್‌ನಲ್ಲಿ 1000 ಸಲವೂ ನೋಡಬೇಕಾಗಬಹುದು.

ನಾನಿಯ ಜಮಖಾನ

ನಮ್ಮ ನಾನಿ ಜಮಖಾನ ನೇಯುತ್ತಿದ್ದರು. ನವಲಗುಂದದ ಜಮಖಾನಕ್ಕೆ ಜಿಐ ಮಾನ್ಯತೆ ಇದೆ, ಅದನ್ನು ನೇಯುವವರಲ್ಲಿ ಹೆಚ್ಚಿನವರು ನಮ್ಮೂರಿನ ಮುಸ್ಲಿಂ ಹೆಣ್ಣುಮಕ್ಕಳು ಎಂಬುದು ನಿಮಗೆ ಗೊತ್ತೇ ಇದೆ. ಒಂದು ಹೂವಿನ ಅಂಚು ವಾರೆಯಾದರೆ ನಾನಿ ಇಡೀ ಜಮಖಾನ ಬಿಚ್ಚುತ್ತಿರಲಿಲ್ಲ, ಸುಮ್ಮನೆ ನೋಡುತ್ತಲೂ ಕೂಡುತ್ತಿರಲಿಲ್ಲ. ಒಂದೊಂದೇ ಸಾಲಿನ ಎಳೆ ಎಣಿಸುತ್ತಾ ಹಿಂದೆ ಹೋಗಿ, ಎಣಿಕೆ ತಪ್ಪಿದ ಸಾಲು ಸಿಕ್ಕಾಗ ಅಲ್ಲಿಯವರೆಗೆ ಮಾತ್ರ ಬಿಚ್ಚುತ್ತಿದ್ದರು. ಪ್ರೋಗ್ರಾಂ ತಪ್ಪಾದಾಗ ನಾವು ಮಾಡುವುದು ಇದಕ್ಕೆ ಉಲ್ಟಾ. ಎಲ್ಲ ಅಳಿಸಿ ಮೊದಲಿನಿಂದ ಬರೆಯುತ್ತೇವೆ, ಅದೇ ತಪ್ಪನ್ನು ಮತ್ತೊಮ್ಮೆ ಬರೆಯುತ್ತೇವೆ.

ಪೈಥಾನ್‌ನಲ್ಲಿ ಎಚ್ಚರ ಇರಬೇಕಾದ ಕಡೆ

ತಂಗಿಯ ಜೊತೆ ಕೂತು ಪೈಥಾನ್ ಪ್ರೋಗ್ರಾಂಗಳನ್ನು ಡ್ರೈ ರನ್ ಮಾಡುವಾಗ ನಾಲ್ಕು ಕಡೆ ನಾವಿಬ್ಬರೂ ಎಡವಿದೆವು.

ಮೊದಲನೆಯದು ಭಾಗಾಕಾರ. ಅವಳು ಆರು ಸಂಖ್ಯೆಗಳ ಪಟ್ಟಿ ತೆಗೆದುಕೊಂಡಿದ್ದಳು. ಫಸ್ಟ್ 0, ಲಾಸ್ಟ್ 5. ಕೂಡಿ 2ರಿಂದ ಭಾಗಿಸಿದಾಗ ಕೋಷ್ಟಕದಲ್ಲಿ 2.5 ಬಂತು. "ಆಪಾ, ಎರಡೂವರೆನೇ ಜಾಗ ಎಲ್ಲೈತಿ?" ಅಂದಳು. ಅವಳು / ಹಾಕಿದ್ದಳು. ಸಿ++ನಲ್ಲಿ ಎರಡು ಪೂರ್ಣಾಂಕಗಳನ್ನು / ಹಾಕಿ ಭಾಗಿಸಿದರೆ ದಶಮಾಂಶ ತಾನಾಗಿ ಬಿಟ್ಟುಹೋಗುತ್ತದೆ. ಪೈಥಾನ್‌ನಲ್ಲಿ ಅದಕ್ಕೆ // ಹಾಕಬೇಕು. ಬರೀ / ಹಾಕಿದರೆ 6/2 ಕೂಡ 3.0 ಆಗುತ್ತದೆ, ಪಟ್ಟಿಯ ಜಾಗಕ್ಕೆ ಅದನ್ನು ಕೊಟ್ಟರೆ ಎರರ್ ಬರುತ್ತದೆ.

ಎರಡನೆಯದು ರೇಂಜ್. ರೇಂಜ್(1, 5) ಎಂದರೆ 1, 2, 3, 4 ಮಾತ್ರ. 5 ಬರುವುದಿಲ್ಲ. 1ರಿಂದ 5ರವರೆಗೆ ಬೇಕಿದ್ದರೆ ರೇಂಜ್(1, 6) ಎಂದು ಬರೆಯಬೇಕು.

ಮೂರನೆಯದು ಇನ್‌ಪುಟ್. ಕೀಬೋರ್ಡ್‌ನಿಂದ ಬಂದದ್ದನ್ನು ಪೈಥಾನ್ ಅಕ್ಷರವೆಂದೇ ತೆಗೆದುಕೊಳ್ಳುತ್ತದೆ. 5 ಮತ್ತು 7 ಕೊಟ್ಟು ಕೂಡಿಸಿದರೆ 12ರ ಬದಲು 57 ಬರುತ್ತದೆ. ಇಂಟ್ ಎಂದು ಬದಲಾಯಿಸಿಕೊಳ್ಳಬೇಕು. ಕೋಷ್ಟಕ ಬರೆಯುವಾಗ ಅಕ್ಷರರೂಪದ ಬೆಲೆಗೆ ಉದ್ಧರಣ ಚಿಹ್ನೆ ಹಾಕಿದರೆ ಈ ತಪ್ಪು ಕಣ್ಣಿಗೆ ಬೀಳುತ್ತದೆ.

ನಾಲ್ಕನೆಯದು ಸಾಲಿನ ಮುಂದಿನ ಖಾಲಿ ಜಾಗ, ಅಂದರೆ ಇಂಡೆಂಟೇಶನ್. 5, 10, 15 ಎಂಬ ಸಂಖ್ಯೆಗಳನ್ನು ಲೂಪ್‌ನಲ್ಲಿ ಕೂಡಿಸುತ್ತಿದ್ದೀರಿ ಎನ್ನಿ. ಪ್ರಿಂಟ್ ಸಾಲು ಲೂಪ್‌ನ ಒಳಗಿದ್ದರೆ 5, 15, 30 ಎಂದು ಮೂರು ಸಲ ಬರುತ್ತದೆ. ಹೊರಗಿದ್ದರೆ 30 ಒಂದೇ ಸಲ. ಉತ್ತರ ಪತ್ರಿಕೆಯಲ್ಲಿ ಕೈಯಿಂದ ಬರೆಯುವಾಗ ಈ ಜಾಗ ಹೆಚ್ಚುಕಡಿಮೆಯಾದರೆ ಪ್ರೋಗ್ರಾಂನ ಅರ್ಥವೇ ಬದಲಾಗುತ್ತದೆ. ಆದ್ದರಿಂದ ಪೆನ್ಸಿಲ್‌ನಿಂದ ತೆಳುವಾಗಿ ಉದ್ದಗೆರೆ ಹಾಕಿಕೊಂಡು, ಅದರ ನೇರಕ್ಕೆ ಬರೆಯಿರಿ.

ದಿನಕ್ಕೊಂದು ಪ್ರೋಗ್ರಾಂ

ನನ್ನ ಸಲಹೆ ಇಷ್ಟು. ದಿನಕ್ಕೆ ಒಂದೇ ಪ್ರೋಗ್ರಾಂ ತೆಗೆದುಕೊಳ್ಳಿ. ಏನು ಕೊಡಬೇಕು, ಏನು ಬರಬೇಕು ಎಂದು ಮೊದಲು ನಿಮ್ಮ ಮಾತಿನಲ್ಲಿ ಒಂದು ಸಾಲು ಬರೆಯಿರಿ. ಆಮೇಲೆ ಪುಸ್ತಕ ಮುಚ್ಚಿ ಪ್ರೋಗ್ರಾಂ ಬರೆಯಿರಿ. ಅದನ್ನು ಮೂರು ಬಗೆಯ ಇನ್‌ಪುಟ್ ಕೊಟ್ಟು ಡ್ರೈ ರನ್ ಮಾಡಿ: ಒಂದು ಸಾಮಾನ್ಯವಾದದ್ದು, ಒಂದು ತುದಿಯದ್ದು (ಮೊದಲನೆಯದು ಅಥವಾ ಕೊನೆಯದು), ಒಂದು ಪಟ್ಟಿಯಲ್ಲಿ ಇಲ್ಲದ್ದು. ನಾನು ಸಾಮಾನ್ಯವಾದದ್ದನ್ನು ಮಾತ್ರ ನೋಡಿದ್ದಕ್ಕೆ 77ರಲ್ಲಿ ಸಿಕ್ಕಿಬಿದ್ದೆ.

ಇಷ್ಟು ಮಾಡಿಕೊಂಡು ಲ್ಯಾಬ್‌ಗೆ ಹೋದರೆ, ಅಲ್ಲಿ ಸಿಗುವ ಸ್ವಲ್ಪ ಹೊತ್ತು ಟೈಪ್ ಮಾಡಿ ಪರೀಕ್ಷಿಸಲು ಸಾಕಾಗುತ್ತದೆ. ನಿಮ್ಮ ಕೋಷ್ಟಕದಲ್ಲಿ ಬಂದ ಉತ್ತರಕ್ಕೂ ಪರದೆಯ ಮೇಲಿನ ಉತ್ತರಕ್ಕೂ ವ್ಯತ್ಯಾಸ ಬಂದರೆ ಅದನ್ನು ಬರೆದಿಟ್ಟುಕೊಳ್ಳಿ, ನಿಮಗೆ ತಿಳಿಯದ ಜಾಗ ಅದೇ. ಮನೆಯಲ್ಲಿ ಕಂಪ್ಯೂಟರ್ ಇಲ್ಲದವರು ಮೊಬೈಲ್‌ನಲ್ಲಿ ಪೈಥಾನ್ ನಡೆಸುವ ಉಚಿತ ಆ್ಯಪ್ ಹಾಕಿಕೊಳ್ಳಬಹುದು. ಆದರೆ ಹಾಳೆ ಮೊದಲು, ಮೊಬೈಲ್ ಆಮೇಲೆ. ಮೊರಬ, ಅಣ್ಣಿಗೇರಿ ಕಡೆಯಿಂದ ಬಸ್ಸಿನಲ್ಲಿ ಬರುವವರು ಒಂದು ಚಿಕ್ಕ ನೋಟ್‌ಬುಕ್ ಇಟ್ಟುಕೊಂಡರೆ ದಾರಿಯಲ್ಲೇ ಒಂದು ಕೋಷ್ಟಕ ಮುಗಿಯುತ್ತದೆ.

ಹಳೆಯ ಪ್ರಶ್ನೆಪತ್ರಿಕೆ ಬಿಡಿಸುವಾಗ ಸಿ++ ಕಾಲದ್ದೋ ಪೈಥಾನ್‌ನದ್ದೋ ಎಂದು ನೋಡಿಕೊಳ್ಳಿ. ನನ್ನಂಥ ಅಕ್ಕಂದಿರ, ಅಣ್ಣಂದಿರ ನೋಟ್ಸನ್ನು ಹಾಗೇ ನಕಲು ಮಾಡಬೇಡಿ.

ನಮಗೆ ಪರೀಕ್ಷೆ ಮಾರ್ಚ್ 1ರಿಂದ 20ರವರೆಗೆ ಇತ್ತು, ರಂಜಾನ್ ಮಾರ್ಚ್ 2ಕ್ಕೆ ಶುರುವಾಯಿತು. ಸಹರಿ ಮುಗಿಸಿ ಫಜರ್ ನಮಾಜ್ ಆದ ಮೇಲಿನ ಒಂದು ತಾಸನ್ನು ನಾನು ಡ್ರೈ ರನ್‌ಗೆ ಇಟ್ಟುಕೊಂಡಿದ್ದೆ. ಆಗ ತಲೆ ಚುರುಕಾಗಿರುತ್ತದೆ. ಮಧ್ಯಾಹ್ನದ ಮೇಲೆ ದಣಿವಾದಾಗ ವ್ಯಾಖ್ಯೆಗಳನ್ನು ಓದುತ್ತಿದ್ದೆ. ರೋಜಾ ಇರುವವರು ಹೀಗೆ ಸಮಯ ಹಂಚಿಕೊಳ್ಳಬಹುದು.

ಪರೀಕ್ಷಾ ಕೊಠಡಿಯಲ್ಲಿ

ಔಟ್‌ಪುಟ್ ಬರೆಯಿರಿ ಎಂಬ ಪ್ರಶ್ನೆ ಬಂದರೆ ನೋಡಿದ ಕೂಡಲೇ ಉತ್ತರ ಬರೆಯಬೇಡಿ. ಕೊನೆಯ ಪುಟದಲ್ಲಿ ಕೋಷ್ಟಕ ಹಾಕಿ, ರಫ್ ವರ್ಕ್ ಎಂದು ಬರೆದು, ಉತ್ತರ ಅಲ್ಲಿಂದ ತೆಗೆಯಿರಿ. ಪ್ರೋಗ್ರಾಂ ಬರೆದ ಮೇಲೆ ಸಮಯ ಉಳಿದರೆ ಒಂದು ಚಿಕ್ಕ ಇನ್‌ಪುಟ್ ಕೊಟ್ಟು ನಡೆಸಿ ನೋಡಿ. ಒಂದು ಸಾಲು ಮರೆತುಹೋದರೆ ಗಾಬರಿಯಾಗಬೇಡಿ. ಬಾಯಿಪಾಠ ಮಾಡಿದವರಿಗೆ ಒಂದು ಸಾಲು ಹೋದರೆ ಮುಂದಿನದೆಲ್ಲ ಹೋಗುತ್ತದೆ. ಪ್ರೋಗ್ರಾಂ ನಡೆಯುವ ರೀತಿ ತಿಳಿದವರು ಆ ಸಾಲಿನಲ್ಲಿ ಏನು ಇರಬೇಕಿತ್ತೆಂದು ಯೋಚಿಸಿ ಬರೆಯಬಲ್ಲರು.

ಅಂತಿಮ ಪರೀಕ್ಷೆಯಲ್ಲಿ ನನಗೆ ಆದದ್ದೂ ಇದೇ. ಒಂದು ಕಡೆ ಸಾಲು ನೆನಪಾಗಲಿಲ್ಲ. ಪುಟದ ಅಂಚಿನಲ್ಲಿ ಮೂರು ಸುತ್ತು ಬರೆದೆ, ಸಾಲು ತಾನಾಗಿ ಹೊಳೆಯಿತು.

ನನ್ನ ರೆಕಾರ್ಡ್ ಬುಕ್ ಈಗಲೂ ತಂಗಿಯ ಹತ್ತಿರವೇ ಇದೆ. ಅದರ ಖಾಲಿ ಪುಟಗಳಲ್ಲಿ ಅವಳು ತನ್ನ ಕೋಷ್ಟಕಗಳನ್ನು ಬರೆಯುತ್ತಿದ್ದಾಳೆ. ನೀವೂ ಇವತ್ತೇ ಒಂದು ಹಾಳೆ ತೆಗೆದುಕೊಳ್ಳಿ. ಮೊದಲ ದಿನ ಒಂದು ಪ್ರೋಗ್ರಾಂಗೆ ಅರ್ಧ ತಾಸು ಹಿಡಿಯಬಹುದು, ಬೇಸರ ಮಾಡಿಕೊಳ್ಳಬೇಡಿ. ನಿಮ್ಮೆಲ್ಲರಿಗೂ ಪರೀಕ್ಷೆಯಲ್ಲಿ ಶುಭವಾಗಲಿ.