ಅಣುಗಳ ರೋಹಿತವನ್ನೋದಿದ ಗೆರ್‌ಹಾರ್ಡ್ ಹರ್ಟ್ಸ್‌ಬರ್ಗ್

ಕಾದ ಅನಿಲದ ಬೆಳಕನ್ನು ಪಟ್ಟಕದ ಮೂಲಕ ಹಾಯಿಸಿದರೆ ಅದು ಗೆರೆಗಳಾಗಿ ಒಡೆಯುವುದೆಂಬುದು ಹತ್ತೊಂಬತ್ತನೆಯ ಶತಮಾನದಲ್ಲಿಯೇ ತಿಳಿದಿದ್ದ ಸಂಗತಿ. ಪರಮಾಣುವಿನ ರೋಹಿತದಲ್ಲಿ ಗೆರೆಗಳು ಬಿಡಿಬಿಡಿಯಾಗಿರುತ್ತವೆ. ಅಣುವಿನದು ಹಾಗಲ್ಲ. ಅಣುವು ತನ್ನ ಎಲೆಕ್ಟ್ರಾನುಗಳ ಸ್ಥಿತಿಯನ್ನು ಬದಲಿಸುವುದರೊಡನೆ ಕಂಪಿಸುತ್ತದೆ, ತಿರುಗುತ್ತದೆ. ಈ ಮೂರು ಚಲನೆಗಳ ಶಕ್ತಿಯೂ ಮೆಟ್ಟಿಲು ಮೆಟ್ಟಿಲಾಗಿರುವುದರಿಂದ ನೂರಾರು ಗೆರೆಗಳು ಒತ್ತೊತ್ತಾಗಿ ನಿಂತು ಪಟ್ಟಿಗಳಂತೆ ತೋರುತ್ತವೆ. ಆ ಗೆರೆಗಳ ಅಂತರವನ್ನು ಅಳೆದು ಅಣುವಿನ ಆಕಾರವನ್ನೂ ಅದರೊಳಗಿನ ಪರಮಾಣುಗಳ ದೂರವನ್ನೂ ಹೇಳಬಹುದು. ಈ ವಿದ್ಯೆಯನ್ನು ಒಂದು ಶಾಸ್ತ್ರವಾಗಿ ನಿಲ್ಲಿಸಿದವರಲ್ಲಿ ಗೆರ್‌ಹಾರ್ಡ್ ಹರ್ಟ್ಸ್‌ಬರ್ಗನಿಗೆ ಸಲ್ಲಬೇಕಾದ ಸ್ಥಾನ ಅಗ್ರಗಣ್ಯವಾದುದು.

ಆತನು 1904ರ ಡಿಸೆಂಬರ್ 25ರಂದು ಜರ್ಮನಿಯ ಹ್ಯಾಂಬರ್ಗ್ ನಗರದಲ್ಲಿ ಹುಟ್ಟಿದನು. ಬಾಲ್ಯದಲ್ಲಿಯೇ ತಂದೆ ತೀರಿಹೋದನು. ಖಗೋಳ ವಿಜ್ಞಾನಿಯಾಗಬೇಕೆಂಬುದು ಹುಡುಗನ ಆಸೆ. ಸ್ವಂತ ಆಸ್ತಿಯಿಲ್ಲದವನು ಆ ವೃತ್ತಿಯನ್ನು ಬಯಸುವುದು ವ್ಯರ್ಥವೆಂಬ ಉತ್ತರ ಹ್ಯಾಂಬರ್ಗಿನ ವೀಕ್ಷಣಾಲಯದಿಂದ ಬಂತು. ಉದ್ಯಮಪತಿ ಹ್ಯೂಗೋ ಸ್ಟಿನ್ನೆಸ್ಸನ ವಿದ್ಯಾರ್ಥಿವೇತನದಿಂದ ಡಾರ್ಮ್‌ಸ್ಟಾಟ್‌ನ ತಾಂತ್ರಿಕ ವಿದ್ಯಾಲಯವನ್ನು ಸೇರಿ, 1928ರಲ್ಲಿ ಡಾಕ್ಟರೇಟ್ ಪಡೆದನು. ಮುಂದಿನ ವರ್ಷ ಗಟ್ಟಿಂಗೆನ್ನಿನಲ್ಲಿ ಮ್ಯಾಕ್ಸ್ ಬಾರ್ನ್ ಮತ್ತು ಜೇಮ್ಸ್ ಫ್ರಾಂಕರ ಸನ್ನಿಧಿಯಲ್ಲಿ ಕಳೆಯಿತು.

ಅಲ್ಲಿ ನಡೆದ ಒಂದು ಕೆಲಸ ಭಾರತೀಯ ವಾಚಕರಿಗೆ ವಿಶೇಷವಾಗಿ ರುಚಿಸತಕ್ಕದ್ದು. ರಾಮನ್ ಪರಿಣಾಮವು ಪ್ರಕಟವಾದ ಮರುವರ್ಷವೇ, ಎಂದರೆ 1929ರಲ್ಲಿ, ಇಟಲಿಯ ರಸೆಟ್ಟಿ ಸಾರಜನಕದ ರಾಮನ್ ರೋಹಿತವನ್ನು ತೆಗೆದಿದ್ದನು. ಅದರಲ್ಲಿ ಗೆರೆಗಳು ಒಂದು ಬಿಟ್ಟು ಒಂದು ಗಾಢವಾಗಿದ್ದುವು. ಯಾವ ಸಾಲು ಗಾಢವೆಂಬುದನ್ನು ನೋಡಿ, ಹರ್ಟ್ಸ್‌ಬರ್ಗನೂ ಹೈಟ್ಲರನೂ ಸಾರಜನಕದ ಬೀಜಗಳು ಸತ್ಯೇಂದ್ರನಾಥ ಬೋಸರ ಸಂಖ್ಯಾಶಾಸ್ತ್ರವನ್ನು ಅನುಸರಿಸುತ್ತವೆಂದು ತೀರ್ಮಾನಿಸಿದರು. ಆದರೆ ಅಂದಿನ ತಿಳಿವಳಿಕೆಯಂತೆ ಆ ಬೀಜದಲ್ಲಿ 14 ಪ್ರೋಟಾನುಗಳೂ 7 ಎಲೆಕ್ಟ್ರಾನುಗಳೂ ಇರಬೇಕು. ಒಟ್ಟು 21, ಬೆಸಸಂಖ್ಯೆ. ಬೋಸರ ನಿಯಮಕ್ಕೆ ಬೇಕಾದುದು ಸಮಸಂಖ್ಯೆ. ಲೆಕ್ಕ ಕೂಡಲಿಲ್ಲ. ತಪ್ಪಿದ್ದುದು ಬೀಜದ ಚಿತ್ರದಲ್ಲಿ. 1932ರಲ್ಲಿ ಚಾಡ್ವಿಕ್ ನ್ಯೂಟ್ರಾನನ್ನು ಕಂಡುಹಿಡಿದ ಮೇಲೆ ಏಳು ಪ್ರೋಟಾನು, ಏಳು ನ್ಯೂಟ್ರಾನು ಎಂದು ಬಾಕಿ ಸರಿಹೋಯಿತು. ಇಬ್ಬರು ಭಾರತೀಯರ ಆವಿಷ್ಕಾರಗಳು ಹೀಗೆ ಜರ್ಮನಿಯ ಒಂದು ಚಿಕ್ಕ ಲೇಖನದಲ್ಲಿ ಸಂಧಿಸಿದುದು ಸ್ಮರಣೀಯವೇ ಸರಿ.

ಬ್ರಿಸ್ಟಲಿನಲ್ಲಿ ಒಂದು ವರ್ಷವಿದ್ದು ಡಾರ್ಮ್‌ಸ್ಟಾಟ್‌ಗೆ ಅಧ್ಯಾಪಕನಾಗಿ ಮರಳಿದ ಹರ್ಟ್ಸ್‌ಬರ್ಗನು, 1932ರಲ್ಲಿ ಆಮ್ಲಜನಕದ ಅತಿ ಕ್ಷೀಣವಾದ ಅತಿನೇರಳೆ ಪಟ್ಟಿಗಳನ್ನು ಕಂಡನು. ರಾತ್ರಿಯ ಆಕಾಶದ ಮಂದ ಬೆಳಕಿನಲ್ಲಿಯೂ ತೋರುವ ಆ ಪಟ್ಟಿಗಳು ಅವನ ಹೆಸರಿನಿಂದಲೇ ಪ್ರಸಿದ್ಧವಾಗಿವೆ. ಅಷ್ಟರಲ್ಲಿ ಹಿಟ್ಲರನ ಆಳ್ವಿಕೆ ಬಂತು. ಪತ್ನಿ ಲೂಯಿಸೆ, ತಾನೂ ರೋಹಿತಶಾಸ್ತ್ರಜ್ಞೆ, ಯಹೂದಿ ವಂಶದವಳು. ಆ ಕಾರಣದಿಂದಲೇ ಅವನಿಗೆ ಬೋಧನಾವೃತ್ತಿಯ ಬಾಗಿಲು ಮುಚ್ಚಿತು. ಡಾರ್ಮ್‌ಸ್ಟಾಟ್‌ಗೆ ಬಂದು ಅವನೊಡನೆ ದುಡಿದಿದ್ದ ಸ್ಪಿಂಕ್ಸನ ಯತ್ನದಿಂದ ಕೆನಡಾದ ಸಾಸ್ಕಾಚೆವಾನ್ ವಿಶ್ವವಿದ್ಯಾಲಯದಲ್ಲಿ ಆಶ್ರಯ ದೊರೆಯಿತು. 1935ರಲ್ಲಿ ದಂಪತಿಗಳು ಅತ್ಯಲ್ಪ ಹಣದೊಡನೆ, ಆದರೆ ರೋಹಿತೋಪಕರಣಗಳ ಸಮೇತ, ದೇಶ ಬಿಟ್ಟರು. (ಹುದ್ದೆ ಕಳೆದುಕೊಂಡಿದ್ದ ಗುರು ಬಾರ್ನನು ಅದೇ ವರ್ಷದ ಚಳಿಗಾಲವನ್ನು ರಾಮನ್ನರ ಆಹ್ವಾನದ ಮೇರೆಗೆ ಬೆಂಗಳೂರಿನ ವಿಜ್ಞಾನ ಮಂದಿರದಲ್ಲಿ ಕಳೆದನು, ಅಲ್ಲಿ ಅವನನ್ನು ಉಳಿಸಿಕೊಳ್ಳಲು ರಾಮನ್ನರು ಪಟ್ಟ ಶ್ರಮ ಫಲಿಸಲಿಲ್ಲ.)

ಬಯಲು ಸೀಮೆಯ ಆ ಸಣ್ಣ ವಿಶ್ವವಿದ್ಯಾಲಯದಲ್ಲಿ ಹತ್ತು ವರ್ಷ ನಿಂತು, ಅಣುರೋಹಿತಗಳ ಮೇಲಣ ಮಹಾಗ್ರಂಥದ ಮೊದಲ ಎರಡು ಸಂಪುಟಗಳನ್ನು ಬರೆದನು. 1939ರ ಸಂಪುಟ ಎರಡು ಪರಮಾಣುಗಳ ಅಣುಗಳದು. 1945ರದು ಬಹುಪರಮಾಣು ಅಣುಗಳದು. ಮೂರನೆಯದು ಹೊರಬರಲು 1966 ಆಯಿತು. ಇವು ಕೇವಲ ಸಂಕಲನಗಳಲ್ಲ. ತಲೆಮಾರುಗಳ ಸಂಶೋಧಕರು ಕೈಯಲ್ಲಿ ಹಿಡಿದೇ ಪ್ರಯೋಗಶಾಲೆಗೆ ಹೋದ ಪುಸ್ತಕಗಳು. 1941ರಲ್ಲಿ ಡಗ್ಲಾಸನೊಡಗೂಡಿ, ನಕ್ಷತ್ರಗಳ ನಡುವಣ ಆಕಾಶದಿಂದ ಬರುತ್ತಿದ್ದ ಕೆಲವು ಅಜ್ಞಾತ ಗೆರೆಗಳು ಒಂದು ಇಂಗಾಲ, ಒಂದು ಜಲಜನಕ ಸೇರಿದ ಧನವಿದ್ಯುದಂಶದ ಅಣುವಿನವೆಂದು ಸ್ಥಾಪಿಸಿದನು.

ಅವನ ಮುಖ್ಯ ಬೇಟೆ ಮಾತ್ರ ಬೇರೆಯದು. ರಾಸಾಯನಿಕ ಕ್ರಿಯೆಯ ನಡುವೆ ಕ್ಷಣಮಾತ್ರ ಬಾಳಿ ಅಳಿಯುವ ತುಣುಕುಗಳಿಗೆ ಮುಕ್ತ ಮೂಲಕಗಳೆಂದು ಹೆಸರು. ಒಂದು ಇಂಗಾಲ, ಎರಡು ಜಲಜನಕಗಳ ಮೆಥಿಲೀನ್ ಅವುಗಳಲ್ಲೊಂದು. ಧೂಮಕೇತುಗಳಲ್ಲಿ 4050 ಆಂಗ್‌ಸ್ಟ್ರಾಮ್‌ ಬಳಿ ಕಾಣುವ ಪಟ್ಟಿಯನ್ನು 1942ರಲ್ಲಿ ಪ್ರಯೋಗಶಾಲೆಯಲ್ಲಿಯೇ ಉಂಟುಮಾಡಿ, ಇದು ಮೆಥಿಲೀನಿನದೆಂದು ಹರ್ಟ್ಸ್‌ಬರ್ಗ್ ಭಾವಿಸಿದನು. ಜಲಜನಕಕ್ಕೆ ಬದಲು ಭಾರಜಲಜನಕವನ್ನಿಟ್ಟು ನೋಡಿದವರಿಗೆ ಪಟ್ಟಿ ಕದಲಲಿಲ್ಲ. ಜಲಜನಕವೇ ಅದರಲ್ಲಿಲ್ಲ! ಅದು ಮೂರು ಇಂಗಾಲಗಳ ಅಣುವಿನದೆಂದು 1951ರಲ್ಲಿ ಡಗ್ಲಾಸನೇ ತೋರಿಸಿದನು. ನಿಜವಾದ ಮೆಥಿಲೀನ್ ಸಿಕ್ಕಿದುದು 1959ರಲ್ಲಿ, ಆಟವಾದಲ್ಲಿ. ಡಯಜೋಮಿಥೇನ್ ಅನಿಲವನ್ನು ಪ್ರಬಲವಾದ ಮಿಂಚುಬೆಳಕಿನಿಂದ ಒಡೆದು, ಮರುಕ್ಷಣವೇ ಎರಡನೆಯ ಮಿಂಚಿನಿಂದ ರೋಹಿತ ತೆಗೆದಾಗ, ದೂರದ ಅತಿನೇರಳೆಯಲ್ಲಿ ಗೆರೆಗಳು ಮೂಡಿದುವು. ಆಗಲೂ ಅಣುವು ನೇರವಾದುದೆಂದೇ ಎಣಿಸಿದ್ದನು. 1970ರ ಬೇರೊಂದು ಬಗೆಯ ಪ್ರಯೋಗಗಳು ಅದು ಸುಮಾರು 136 ಅಂಶ ಕೋನದಲ್ಲಿ ಬಾಗಿದೆಯೆಂದುವು. ತನ್ನ ಹಳೆಯ ಗೆರೆಗಳನ್ನೇ ಮರುಪರಿಶೀಲಿಸಿ ಹರ್ಟ್ಸ್‌ಬರ್ಗ್ ಅದನ್ನು ಒಪ್ಪಿಕೊಂಡನು. ಅಧಿಕಾರವುಳ್ಳ ವಿದ್ವಾಂಸರಲ್ಲಿ ಇದು ಅಪರೂಪದ ಗುಣ.

ನಡುವೆ 1945ರಿಂದ 48ರವರೆಗೆ ಅಮೆರಿಕದ ಯರ್ಕಿಸ್ ವೀಕ್ಷಣಾಲಯದಲ್ಲಿದ್ದು, ಬಳಿಕ ಆಟವಾದ ರಾಷ್ಟ್ರೀಯ ಸಂಶೋಧನಾ ಮಂಡಲಿಯನ್ನು ಸೇರಿದ್ದನು. ಅಲ್ಲಿ ಅವನು ಕಟ್ಟಿದ ಪ್ರಯೋಗಶಾಲೆಗೆ ನಾನಾ ದೇಶಗಳ ತರುಣರು ಬಂದರು. 1971ರಲ್ಲಿ ಭೌತವಿಜ್ಞಾನಿಯಾದ ಅವನಿಗೆ ರಸಾಯನದ ನೊಬೆಲ್ ಪಾರಿತೋಷಕ ಬಂದಿತು. ಅದನ್ನು ನೋಡಲು ಲೂಯಿಸೆ ಇರಲಿಲ್ಲ. ಅದೇ ವರ್ಷ ತೀರಿಕೊಂಡಿದ್ದಳು. ಕೆನಡಾದ ಖಗೋಳ ಸಂಶೋಧನಾಲಯಕ್ಕೆ 1975ರಲ್ಲಿ ಅವನ ಹೆಸರನ್ನಿಟ್ಟರು. ಎಪ್ಪತ್ತೈದರ ಅಂಚಿನಲ್ಲಿ, 1979ರಲ್ಲಿ, ಮೂರು ಜಲಜನಕ ಪರಮಾಣುಗಳ ಅಣುವಿನ ರೋಹಿತವನ್ನು ಅವನು ಮೊದಲ ಬಾರಿಗೆ ಗುರುತಿಸಿದನು. ಆಟವಾದಲ್ಲಿ ಅವನು ತೀರಿಕೊಂಡುದು 1999ರ ಮಾರ್ಚ್ 3ರಂದು.